ಪರ್ಸನಾಲಿಟಿ ಟೆಸ್ಟ್ ಮಾಡಿಸಿದರೆ ದಾರಿ ತಪ್ಪುವ ಹುಡುಗಿ ಯಾರು ಅಂತ ಗೊತ್ತಾಗುತ್ತಾ?

ಯೂನಿಫಾರ್ಮ್ ಹಾಕಿಕೊಂಡ ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ಜುಟ್ಟು ಹಿಡಿದು ಬಡಿದಾಡುವ ವಿಡಿಯೊ ಆಗಾಗ ಬರುತ್ತದೆ. ಮೈಸೂರು, ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಅದೇ ಮಾತು. 'ಹುಡುಗರನ್ನೂ ಮೀರಿಸಿಬಿಟ್ರು' ಅಂತ ಒಬ್ಬರು, 'ಮೊಬೈಲ್ ಕೊಡಿಸಿದ್ದೇ ತಪ್ಪು' ಅಂತ ಇನ್ನೊಬ್ಬರು. ಇದರ ಜೊತೆ ಇನ್ನೊಂದು ಬಗೆಯ ಸುದ್ದಿಯೂ ಸುತ್ತುತ್ತಿರುತ್ತದೆ. ತಪ್ಪು ಮಾಡುವ ಹುಡುಗಿಯರ ವ್ಯಕ್ತಿತ್ವವೇ ಬೇರೆ, ಅವರಲ್ಲಿ ಸಿಟ್ಟು, ಆತುರ, ಆತಂಕ ಜಾಸ್ತಿ ಎಂದು ಅಧ್ಯಯನ ಹೇಳುತ್ತದೆ ಎನ್ನುವ ಸುದ್ದಿ.

ಈ ನಡುವೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಉದ್ದೇಶದ ತೀರ್ಪು ಅದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕು ಎಂದು ಅದರಲ್ಲಿ ಹೇಳಿದೆ.

ಇದೆಲ್ಲ ಸೇರಿ ಪೋಷಕರಲ್ಲಿ ಒಂದು ಪ್ರಶ್ನೆ ಹುಟ್ಟುವುದು ಸಹಜ. ಕೌನ್ಸೆಲರ್ ಹೇಗೂ ಬರುತ್ತಾರೆ. ಸ್ವಭಾವ ಅಳೆಯುವ ಪರೀಕ್ಷೆಗಳೂ ಇವೆ. ಎಂಟನೇ ಕ್ಲಾಸಿನಲ್ಲೇ ಎಲ್ಲರಿಗೂ ಒಂದು ಟೆಸ್ಟ್ ಮಾಡಿಸಿ, ಕೈಮೀರುವ ಮೊದಲೇ ಎಚ್ಚರ ವಹಿಸಬಹುದಲ್ವಾ?

ಸ್ವಭಾವಕ್ಕೂ ತಪ್ಪಿಗೂ ನಂಟಿದೆ, ಅದು ಸುಳ್ಳಲ್ಲ. ಆದರೆ ಆ ನಂಟನ್ನು ಹಿಡಿದುಕೊಂಡು ಒಬ್ಬ ಹುಡುಗಿ ಮುಂದೆ ಹೇಗಾಗುತ್ತಾಳೆ ಅಂತ ಹೇಳಲು ಬರುವುದಿಲ್ಲ. ಹಾಗೆ ಹೇಳಲು ಹೊರಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹುಡುಗಿಯರು ಎಷ್ಟು ಜನ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ವರ್ಷ ಲೆಕ್ಕ ಕೊಡುತ್ತದೆ. ದೇಶದಲ್ಲಿ ಕಾನೂನಿನ ಕೈಗೆ ಸಿಕ್ಕುವ 18ರ ಒಳಗಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಹುಡುಗರೇ. ಹುಡುಗಿಯರ ಪಾಲು ತೀರಾ ಚಿಕ್ಕದು. ಸಿಕ್ಕುವ ಒಟ್ಟು ಮಕ್ಕಳಲ್ಲಿ ದೊಡ್ಡ ಭಾಗ 16ರಿಂದ 18 ವರ್ಷದವರು.

ಚಿಕ್ಕ ಸಂಖ್ಯೆ ಅಂದ ಮೇಲೆ ಎರಡು ತೊಡಕುಗಳಿವೆ. ಒಂದು, ಯಾವುದೋ ಜಿಲ್ಲೆಯಲ್ಲಿ ಹೋದ ವರ್ಷ ಇಬ್ಬರಿದ್ದವರು ಈ ವರ್ಷ ನಾಲ್ವರಾದರೆ 'ಎರಡು ಪಟ್ಟು ಏರಿಕೆ' ಎಂದು ಬರೆಯಬಹುದು. ಲೆಕ್ಕ ಸರಿ, ಅರ್ಥ ತಪ್ಪು. ಇನ್ನೊಂದು, ಅಪರಾಧದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹುಡುಗರನ್ನು ನೋಡಿ ಕಲಿತದ್ದು. ಅದನ್ನೇ ಹುಡುಗಿಯರಿಗೂ ಹೊಲಿಸಿ ತೊಡಿಸಿದರೆ ಅಳತೆ ಸರಿಹೋಗುವುದಿಲ್ಲ.

ಬಸ್ ಸ್ಟ್ಯಾಂಡಿನ ಜಗಳಗಳು ಹಿಂದೆಯೂ ಇದ್ದವು. ಆಗ ಸುತ್ತ ನಿಂತವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ ಅಷ್ಟೆ.

ಸ್ವಭಾವದಲ್ಲಿ ಏನನ್ನು ಅಳೆಯುತ್ತಾರೆ?

ಸ್ವಭಾವ ಮತ್ತು ಅಪರಾಧವನ್ನು ಜೋಡಿಸಿ ದೊಡ್ಡ ಸಿದ್ಧಾಂತ ಕಟ್ಟಿದವರು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್, 1964ರಲ್ಲಿ. ಜನರ ಜೊತೆ ಬೆರೆಯುವ, ಸದಾ ಏನಾದರೂ ರೋಮಾಂಚನ ಬೇಕೆನ್ನುವ ಗುಣ ಒಂದು. ಬೇಗ ಕಲಕಿಹೋಗುವ ಮನಸ್ಸು ಇನ್ನೊಂದು. ಇವೆರಡೂ ಜಾಸ್ತಿ ಇದ್ದವರು ಸರಿ-ತಪ್ಪಿನ ಪಾಠವನ್ನು ಬೇಗ ಕಲಿಯುವುದಿಲ್ಲ ಎಂದು ಅವರ ವಾದ. ಒರಟುತನ, ಇನ್ನೊಬ್ಬರ ನೋವಿಗೆ ಕರಗದಿರುವುದನ್ನು ಮೂರನೆಯ ಗುಣವಾಗಿ ಆಮೇಲೆ ಸೇರಿಸಿದರು. ನಮ್ಮ ದೇಶದ ಕಾಲೇಜುಗಳಲ್ಲಿ ಇವತ್ತಿಗೂ ಅವರ ಪ್ರಶ್ನಾವಳಿ ಬಳಸಿ ಪ್ರಬಂಧ ಬರೆಯುವವರಿದ್ದಾರೆ.

ಮೈಸೂರಿಗೆ ಈ ಅಳತೆಯ ವಿದ್ಯೆ ಹೊಸದೇನಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ದೇಶದಲ್ಲೇ ಕೋಲ್ಕತ್ತ ಬಿಟ್ಟರೆ ಇದೇ ಮೊದಲಿನದು. ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ.

ಈಗ ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆ: ಹೊಂದಿಕೊಂಡು ಹೋಗುವುದು, ಜವಾಬ್ದಾರಿ ಮತ್ತು ಶಿಸ್ತು, ಜನರೊಡನೆ ಬೆರೆಯುವುದು, ಮನಸ್ಸು ಬೇಗ ಕಲಕುವುದು, ಹೊಸದರ ಕುತೂಹಲ. ಮಿಲ್ಲರ್ ಮತ್ತು ಲೈನಮ್ ಎಂಬ ಅಮೆರಿಕದ ಸಂಶೋಧಕರು 2001ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ಮೊದಲ ಎರಡು ಗುಣ ಕಡಿಮೆ ಇರುವವರಲ್ಲಿ ಸಮಾಜಕ್ಕೆ ತೊಂದರೆ ಕೊಡುವ ನಡವಳಿಕೆ ಜಾಸ್ತಿ ಎಂದು ಕಂಡಿತು. ಜನರೊಡನೆ ಬೆರೆಯುವ ಗುಣಕ್ಕೆ ಐಸೆಂಕ್ ಕೊಟ್ಟಷ್ಟು ತೂಕ ಸಿಗಲಿಲ್ಲ. ಅಂದರೆ ತರಗತಿಯಲ್ಲಿ ಜೋರಾಗಿ ಮಾತಾಡುವ, ಗುಂಪು ಕಟ್ಟಿಕೊಂಡು ನಗುವ ಹುಡುಗಿಯ ಮೇಲೆ ಕಣ್ಣಿಡಬೇಕು ಎನ್ನುವುದಕ್ಕೆ ಆಧಾರ ಗಟ್ಟಿ ಇಲ್ಲ.

ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಚಿಕ್ಕಂದಿನಿಂದ ದೊಡ್ಡವರಾಗುವವರೆಗೂ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಅಲ್ಲೂ ಒಂದು ಮಾತು ಸ್ಪಷ್ಟ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಕಡಿಮೆ, ಸಿಟ್ಟು-ಅಸಮಾಧಾನ ಜಾಸ್ತಿ ಇರುವ ಹದಿಹರೆಯದವರು ತಪ್ಪುಗಳಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ಹುಡುಗರಲ್ಲೂ ಹಾಗೇ, ಹುಡುಗಿಯರಲ್ಲೂ ಹಾಗೇ.

ಇಲ್ಲಿಗೆ ನಿಲ್ಲಿಸಿದರೆ ಸುದ್ದಿ ಸರಿ ಅನ್ನಿಸುತ್ತದೆ. ಆದರೆ ಡುನೆಡಿನ್ ಕಥೆ ಇನ್ನೂ ಇದೆ.

ಹುಡುಗಿಯರಲ್ಲಿ ಬೇರೆ ಏನು?

ತಪ್ಪು ಮಾಡುವ ಮಕ್ಕಳಲ್ಲಿ ಎರಡು ಬಗೆ ಎಂದು ಡುನೆಡಿನ್ ತಂಡದ ಟೆರ್ರಿ ಮಾಫಿಟ್ 1993ರಲ್ಲಿ ಹೇಳಿದರು. ಕೆಲವರದು ಮೂರು-ನಾಲ್ಕು ವರ್ಷದಿಂದಲೇ ಶುರುವಾಗಿ ದೊಡ್ಡವರಾದ ಮೇಲೂ ಬಿಡದ ನಡವಳಿಕೆ. ಇನ್ನು ಕೆಲವರದು ಹದಿಹರೆಯದಲ್ಲಿ ಬಂದು ಹದಿಹರೆಯದ ಜೊತೆಗೇ ಹೋಗುವಂಥದು. ಮೊದಲನೆಯದಕ್ಕೆ ಸ್ವಭಾವ, ಮಿದುಳಿನ ಬೆಳವಣಿಗೆ, ಮನೆಯ ಕಷ್ಟ ಎಲ್ಲ ಸೇರಿ ಕಾರಣ. ಎರಡನೆಯದಕ್ಕೆ ಮುಖ್ಯವಾಗಿ ಸಹವಾಸ ಮತ್ತು ವಯಸ್ಸು.

2001ರಲ್ಲಿ ಇದೇ ತಂಡ ಗಂಡು-ಹೆಣ್ಣಿನ ಲೆಕ್ಕ ತೆಗೆಯಿತು. ಮೊದಲ ಬಗೆಯಲ್ಲಿ ಹತ್ತು ಹುಡುಗರಿಗೆ ಒಬ್ಬಳು ಹುಡುಗಿ. ಎರಡನೆಯ ಬಗೆಯಲ್ಲಿ ಮೂವರು ಹುಡುಗರಿಗೆ ಇಬ್ಬರು ಹುಡುಗಿಯರು. ಈ ಎರಡು ಅನುಪಾತವನ್ನು ಪಕ್ಕಪಕ್ಕ ಇಟ್ಟು ನೋಡಿ. ಹುಡುಗಿಯೊಬ್ಬಳು ತಪ್ಪು ದಾರಿ ಹಿಡಿದರೆ ಅದು ಹುಟ್ಟುಗುಣ ಆಗಿರುವ ಸಾಧ್ಯತೆ ಕಡಿಮೆ. ವಯಸ್ಸು, ಜೊತೆಗಾರರು, ಸನ್ನಿವೇಶ ಆಗಿರುವ ಸಾಧ್ಯತೆ ಜಾಸ್ತಿ.

ಡುನೆಡಿನ್‌ನ ಇನ್ನೊಂದು ಫಲಿತಾಂಶ ಇನ್ನೂ ಕುತೂಹಲದ್ದು. ಓರಗೆಯವರಿಗಿಂತ ಮುಂಚೆ ಮೈನೆರೆದ ಹುಡುಗಿಯರಲ್ಲಿ ನಿಯಮ ಮುರಿಯುವುದು ಜಾಸ್ತಿ ಕಂಡಿತು. ಆದರೆ ಎಲ್ಲ ಶಾಲೆಗಳಲ್ಲೂ ಅಲ್ಲ. ಹುಡುಗರೂ ಇರುವ ಶಾಲೆಗಳಲ್ಲಿ ಹೀಗಿತ್ತು, ಬರೀ ಹುಡುಗಿಯರ ಶಾಲೆಗಳಲ್ಲಿ ಇರಲಿಲ್ಲ. ದೇಹ ಅದೇ, ವಯಸ್ಸು ಅದೇ, ಸುತ್ತಲಿನ ಸಹವಾಸ ಬೇರೆಯಾದರೆ ಫಲ ಬೇರೆ. ದೇಹ ಬೇಗ ಬೆಳೆದ ಹುಡುಗಿಗೆ ತನಗಿಂತ ದೊಡ್ಡ ಹುಡುಗರ ಸ್ನೇಹ ಸಿಗುತ್ತದೆ, ಅವರ ಚಟಗಳೂ ಜೊತೆಗೇ ಬರುತ್ತವೆ ಎಂದು ಸಂಶೋಧಕರ ವಿವರಣೆ. ಬಾಲ್ಯದಿಂದಲೇ ತೊಂದರೆ ಇದ್ದ ಹುಡುಗಿಯರಲ್ಲಿ ಬೇಗ ಮೈನೆರೆಯುವುದು ಆ ತೊಂದರೆಯನ್ನು ಇನ್ನಷ್ಟು ಎತ್ತಿಕೊಟ್ಟಿತು.

'ಹಾಗಾದರೆ ಹುಡುಗಿಯರ ಶಾಲೆಗೇ ಸೇರಿಸಿದರಾಯಿತು' ಎಂದು ಇದನ್ನು ಓದಬಾರದು. ನಮ್ಮಲ್ಲಿ ಸಹವಾಸ ಸಿಗುವುದು ಶಾಲೆಯ ಕಾಂಪೌಂಡಿನೊಳಗೆ ಮಾತ್ರ ಅಲ್ಲ. ಮಹಾರಾಣಿ ಕಾಲೇಜಿನ ಗೇಟು ದಾಟಿದರೆ ಇಡೀ ಮೈಸೂರಿದೆ. ಜೇಬಿನಲ್ಲಿ ಇನ್‌ಸ್ಟಾಗ್ರಾಂ ಇದೆ.

ಹುಡುಗಿಯರ ಸಿಟ್ಟು ಹೊರಬರುವ ದಾರಿಯೂ ಬೇರೆ. ಹೊಡೆದಾಟಕ್ಕಿಂತ ಹೆಚ್ಚಾಗಿ ಮಾತು ಬಿಡುವುದು, ಗುಂಪಿನಿಂದ ಹೊರಗಿಡುವುದು, ಗಾಳಿಮಾತು ಹಬ್ಬಿಸುವುದು, ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಕಳಿಸುವುದು. ಈ ನೋವು ಎಂಥದ್ದೇ ಇರಲಿ, ಹೆಚ್ಚಿನ ಸಲ ಯಾವ ಠಾಣೆಯ ಪುಸ್ತಕಕ್ಕೂ ಬರುವುದಿಲ್ಲ.

ಟೆಸ್ಟ್ ಎಲ್ಲಿ, ಯಾವಾಗ ಮಾಡಿದ್ದು?

ಈಗ ಸುದ್ದಿಯಾಗುವ ಅಧ್ಯಯನಗಳ ಹತ್ತಿರ ಬರೋಣ. ಇಂಥ ಎಷ್ಟೋ ಅಧ್ಯಯನಗಳ ವಿಧಾನ ಒಂದೇ. ಆರೈಕೆ ಬೇಕಾದ ಮಕ್ಕಳನ್ನು ಇಡುವ ಬಾಲಮಂದಿರದಲ್ಲೋ, ಆರೋಪ ಹೊತ್ತ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೋ ಇರುವ ಕೆಲವು ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಅದೇ ವಯಸ್ಸಿನ ಶಾಲಾ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಪ್ರಶ್ನಾವಳಿ ಕೊಟ್ಟು ಅಂಕ ಹೋಲಿಸುತ್ತಾರೆ. ಒಳಗಿರುವವರಲ್ಲಿ ಆತಂಕ, ಸಿಟ್ಟು, ಬೇಸರ ಜಾಸ್ತಿ ಎಂದು ಬರುತ್ತದೆ. 'ಇಂಥ ಗುಣ ಇರುವವರು ತಪ್ಪು ಮಾಡುತ್ತಾರೆ' ಎಂಬ ಶೀರ್ಷಿಕೆ ಸಿದ್ಧ.

ಆ ಪ್ರಶ್ನೆಗಳು ಹೇಗಿರುತ್ತವೆ ನೋಡಿ. 'ಕಾರಣವಿಲ್ಲದೆ ನಿನಗೆ ಬೇಜಾರಾಗುತ್ತದೆಯೇ?' 'ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೇ?' 'ಜನ ನಿನ್ನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ ಎನ್ನಿಸುತ್ತದೆಯೇ?' 'ಯೋಚನೆ ಮಾಡದೆ ಏನಾದರೂ ಮಾಡಿಬಿಡುತ್ತೀಯಾ?' ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕ. ಈಗ ಬಾಲಮಂದಿರಕ್ಕೆ ಬಂದು ನಾಲ್ಕು ದಿನವಾದ ಹದಿನಾರರ ಹುಡುಗಿಯ ಕೈಗೆ ಈ ಹಾಳೆ ಕೊಡಿ. ಮನೆಯವರು ನೋಡಲು ಬಂದಿಲ್ಲ. ಊರಿಗೆಲ್ಲ ಗೊತ್ತಾಗಿದೆ. ಹತ್ತಾರು ಜನರ ಜೊತೆ ಹೊಸ ಜಾಗದಲ್ಲಿ ಮಲಗಬೇಕು. ಮುಂದಿನ ಹಿಯರಿಂಗ್ ಯಾವತ್ತು ಅಂತ ಗೊತ್ತಿಲ್ಲ. ಅವಳು ಯಾವ ಚೌಕಕ್ಕೆ ಟಿಕ್ ಹಾಕುತ್ತಾಳೆ? ಮಳೆಯಲ್ಲಿ ನೆಂದು ಬಂದವಳ ಬಟ್ಟೆ ಮುಟ್ಟಿ ನೋಡಿ, ಈ ಬಟ್ಟೆಯ ಗುಣವೇ ಒದ್ದೆ ಎಂದ ಹಾಗಾಯಿತು ಅದು.

ಕಾರಣ ಯಾವುದು, ಪರಿಣಾಮ ಯಾವುದು ಎಂದು ಈ ವಿಧಾನದಿಂದ ಬಿಡಿಸಲು ಆಗುವುದಿಲ್ಲ. ಬಿಡಿಸಬೇಕಾದರೆ ಡುನೆಡಿನ್ ತರಹ ತಪ್ಪು ನಡೆಯುವ ಎಷ್ಟೋ ವರ್ಷ ಮೊದಲೇ ಅಳೆದು, ಆಮೇಲೆ ಕಾಯಬೇಕು. ಅದಕ್ಕೆ ದುಡ್ಡು ಬೇಕು, ದಶಕಗಳ ತಾಳ್ಮೆ ಬೇಕು.

ಮೂರನೆಯದೊಂದು ಕಾರಣವೂ ಇರಬಹುದು. ಸಿಟ್ಟಿಗೂ ತಪ್ಪಿಗೂ ಎರಡಕ್ಕೂ ಮೂಲವಾದ ಒಂದು ಹಳೆಯ ಗಾಯ. ಅಮೆರಿಕದ ಫ್ಲಾರಿಡಾದಲ್ಲಿ ಕಾನೂನಿನ ಕೈಗೆ ಸಿಕ್ಕ ಸುಮಾರು 64,000 ಮಕ್ಕಳ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಪ್ರಮಾಣ ಹುಡುಗರಿಗಿಂತ ಹುಡುಗಿಯರಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಇಂಥ ಗಾಯ ಇರುವ ಹುಡುಗಿ ಸಣ್ಣ ಸದ್ದಿಗೂ ಬೆಚ್ಚುತ್ತಾಳೆ, ಯಾರನ್ನೂ ನಂಬುವುದಿಲ್ಲ, ಮೈಮೇಲೆ ಕೈ ಹಾಕಿದರೆ ತಟ್ಟನೆ ಹೊಡೆಯುತ್ತಾಳೆ. ಪ್ರಶ್ನಾವಳಿಯಲ್ಲಿ ಇದೆಲ್ಲ 'ಆತಂಕ ಜಾಸ್ತಿ, ಹೊಂದಿಕೊಳ್ಳುವ ಗುಣ ಕಡಿಮೆ' ಎಂದು ದಾಖಲಾಗುತ್ತದೆ. ಮನೆಯಲ್ಲಿ ತೊಂದರೆ ಕೊಡುವವನಿಂದ ತಪ್ಪಿಸಿಕೊಳ್ಳಲು ಓಡಿಹೋದರೆ 'ಶಿಸ್ತಿಲ್ಲ'. ಅಂಕ ತಪ್ಪಲ್ಲ. ಅದಕ್ಕೆ ಕೊಟ್ಟ ಹೆಸರು ತಪ್ಪು.

ಹದಿಹರೆಯದ ಅಳತೆ ಹಾಗೇ ಉಳಿಯುವುದೂ ಇಲ್ಲ. ಹದಿಹರೆಯದ ಶುರುವಿನಲ್ಲಿ ಜವಾಬ್ದಾರಿ, ಹೊಂದಾಣಿಕೆ ಎರಡೂ ಒಂದಷ್ಟು ಕುಸಿದು, ಇಪ್ಪತ್ತು ದಾಟುತ್ತಾ ಏರುತ್ತವೆ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯ ಪ್ರಕಾರ ಸಮಾಜವಿರೋಧಿ ವ್ಯಕ್ತಿತ್ವ ದೋಷ ಎಂಬ ಹೆಸರನ್ನು 18 ತುಂಬದವರಿಗೆ ಕೊಡುವ ಹಾಗೇ ಇಲ್ಲ. ವೈದ್ಯರೇ ಹಿಂಜರಿಯುವ ಕಡೆ ಸ್ಟಾಫ್ ರೂಮು ಧೈರ್ಯವಾಗಿ ತೀರ್ಪು ಕೊಡುತ್ತದೆ.

ಮನೆ ಬಿಟ್ಟು ಹೋದರೆ ಅದು ಅಪರಾಧವೇ?

ಹುಡುಗ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ಬೈಗುಳ. ಹುಡುಗಿ ಬಂದರೆ ಮನೆಯಲ್ಲಿ ಪಂಚಾಯ್ತಿ. 'ದಾರಿ ತಪ್ಪಿದ ಹುಡುಗಿ' ಎಂದು ಜನ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಕಳ್ಳತನವೋ ಹೊಡೆದಾಟವೋ ಅಲ್ಲ. ಯಾರನ್ನೋ ಪ್ರೀತಿಸಿದ್ದು, ಮನೆ ಬಿಟ್ಟು ಹೋದದ್ದು, ಎದುರು ಮಾತಾಡಿದ್ದು. ಇವು ಯಾವುವೂ ಅಪರಾಧ ಅಲ್ಲ.

ಕಾನೂನು ಇದನ್ನು ಬೇರೆ ಮಾಡಿಯೇ ಇಟ್ಟಿದೆ. 2015ರ ಬಾಲ ನ್ಯಾಯ ಕಾಯ್ದೆಯಡಿ ಮೈಸೂರು, ಮಂಡ್ಯ ಸೇರಿದಂತೆ ಪ್ರತಿ ಜಿಲ್ಲೆಗೂ ಎರಡು ವ್ಯವಸ್ಥೆ ಇರಬೇಕು. ತಪ್ಪು ಮಾಡಿದ ಆರೋಪ ಇರುವ ಮಕ್ಕಳು ಬಾಲ ನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಆರೈಕೆ, ರಕ್ಷಣೆ ಬೇಕಾದ ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಮನೆ ಬಿಟ್ಟು ಬಂದವಳು ಎರಡನೆಯ ಕಡೆ ಹೋಗಬೇಕಾದವಳು.

ಗೊಂದಲ ಜಾಸ್ತಿ ಆಗುವುದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಪ್ರಕರಣಗಳಲ್ಲಿ. 17ರ ಹುಡುಗಿ 19ರ ಹುಡುಗನ ಜೊತೆ ಹೋದಳು ಅಂದುಕೊಳ್ಳಿ. ಇಬ್ಬರ ನಡುವೆ ಲೈಂಗಿಕ ಸಂಬಂಧ ಇದ್ದರೆ 2012ರ ಪೋಕ್ಸೊ ಕಾಯ್ದೆಯಡಿ 18 ತುಂಬದ ಅವಳ ಒಪ್ಪಿಗೆಗೆ ಬೆಲೆ ಇಲ್ಲ. ಹುಡುಗ ಆರೋಪಿ. ಅವಳು ಸಂತ್ರಸ್ತೆ. ಮನೆಗೆ ಹೋಗಲ್ಲ ಎಂದರೆ, ಅಥವಾ ಮನೆಯವರೇ ಬೇಡ ಎಂದರೆ, ಸಮಿತಿ ಅವಳನ್ನು ಬಾಲಮಂದಿರಕ್ಕೆ ಕಳಿಸುತ್ತದೆ. ಕಾಗದದಲ್ಲಿ ರಕ್ಷಣೆ ಪಡೆದವಳು ಊರಿನವರ ಬಾಯಲ್ಲಿ 'ಒಳಗೆ ಹಾಕಿದ್ದಾರೆ' ಆಗುತ್ತಾಳೆ. ಈ ವಯಸ್ಸಿನ ಮಿತಿಯನ್ನು ಮರುಯೋಚಿಸಿ ಎಂದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರ ವರದಿಯಲ್ಲಿ 18 ಅನ್ನು ಇಳಿಸುವುದು ಬೇಡ ಎಂದಿತು. 16ರಿಂದ 18ರವರ ಒಪ್ಪಿಗೆಯ ಪ್ರಕರಣಗಳಲ್ಲಿ ಶಿಕ್ಷೆ ಕೊಡುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಷ್ಟೇ ಸೂಚಿಸಿತು.

ಇನ್ನು 'ಫ್ರೀ ಬಸ್ ಬಂದಮೇಲೆ ಹುಡುಗೀರು ಕೆಟ್ಟರು' ಎನ್ನುವ ಮಾತು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಮಳವಳ್ಳಿಯ ಹುಡುಗಿ ಮೈಸೂರಿಗೆ ಬರುವ ಖರ್ಚು ಅಂದಿಗೆ ಇಲ್ಲವಾಯಿತು. ಅವಳ ಸ್ವಭಾವ ಅಂದಿನಿಂದ ಬದಲಾಗಲಿಲ್ಲ. ಬಸ್ಸು ಕಾಲೇಜಿಗೂ ಹೋಗುತ್ತದೆ, ಮಾಲ್‌ಗೂ ಹೋಗುತ್ತದೆ.

ಒಂದರಿಂದ ಇನ್ನೊಂದು

ಸ್ವಭಾವ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಸರಪಳಿ ನೋಡೋಣ. ಇದು ಯಾರೋ ಒಬ್ಬಳ ಕಥೆ ಅಲ್ಲ, ತಿಳಿಯಲೆಂದು ಜೋಡಿಸಿದ್ದು.

ಪಾಂಡವಪುರದ ಕಡೆಯ ಇಬ್ಬರು ಹುಡುಗಿಯರು. ಇಬ್ಬರೂ ಮುಂಗೋಪಿಗಳು, ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ. ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರೂ ಮೇಷ್ಟ್ರಿಗೆ ಎದುರು ಮಾತಾಡಿದರು. ಮೊದಲನೆಯವಳ ಅಮ್ಮ ಬಂದು, 'ಸಾರ್, ಅವಳ ಬಾಯಿ ಹಂಗೆ, ಮನಸ್ಸು ಕೆಟ್ಟದಲ್ಲ' ಎಂದು ಕೇಳಿಕೊಂಡರು. ಮೇಷ್ಟ್ರು ಅವಳನ್ನು ಕಬಡ್ಡಿ ತಂಡಕ್ಕೆ ಹಾಕಿದರು. ಮೈದಾನದಲ್ಲಿ ಆ ಸಿಟ್ಟಿಗೊಂದು ಕೆಲಸ ಸಿಕ್ಕಿತು. ಕಥೆ ಅಲ್ಲಿಗೆ ಮುಗಿಯಿತು.

ಎರಡನೆಯವಳ ಅಪ್ಪ ಕುಡಿಯುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕರೆದರೂ ಯಾರೂ ಬರಲಿಲ್ಲ. ಆರರಿಂದ ಹದಿನಾಲ್ಕು ವರ್ಷದವರನ್ನು ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂಬತ್ತರಲ್ಲಿ ಆ ಕಾವಲು ಇಲ್ಲ. ಟಿಸಿ ಕೈಗೆ ಬಂತು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಅಮ್ಮನ ಫೋನಿನಲ್ಲಿ ಪರಿಚಯವಾದ, ಬೈಕ್ ಇರುವ, ಐದಾರು ವರ್ಷ ದೊಡ್ಡವನೊಬ್ಬ. ಅವನ ಜೊತೆ ಮೈಸೂರು. ಅವನ ದುಡ್ಡು ಮುಗಿದಾಗ ಬಸ್ಸಿನಲ್ಲಿ ಒಂದು ಫೋನ್ ಎತ್ತಿಕೊಂಡು ಬಾ ಎಂದ. ಸಿಕ್ಕಿಬಿದ್ದದ್ದು ಅವಳು.

ಈಗ ಅವಳಿಗೆ ಟೆಸ್ಟ್ ಮಾಡಿದರೆ ಮುಂಗೋಪ ಜಾಸ್ತಿ ಎಂದೇ ಬರುತ್ತದೆ. ಅದೇ ಅಂಕದ ಇನ್ನೊಬ್ಬಳು ಕಬಡ್ಡಿ ಆಡುತ್ತಿದ್ದಾಳೆ, ಅವಳನ್ನು ಯಾರೂ ಅಳೆಯಲು ಹೋಗುವುದಿಲ್ಲ. ಮುಂಗೋಪ ಅವಳನ್ನು ಮೊದಲ ಜಗಳದವರೆಗೆ ತಂದಿತು. ಅಲ್ಲಿಂದ ಮುಂದಿನ ಒಂದೊಂದು ಮೆಟ್ಟಿಲೂ ಬೇರೆಯವರು ಇಟ್ಟದ್ದು.

'ಕೇಸೇ ಹಾಕಿಲ್ಲ' ಯಾಕೆ?

ಇಂಥ ಸುದ್ದಿಗಳ ಕೆಳಗೆ ಸಾಮಾನ್ಯವಾಗಿ ಬರುವ ಅನುಮಾನ: ಪೊಲೀಸರು ದುಡ್ಡು ತಿಂದು ಬಿಟ್ಟರು. ಆದರೆ ಬಾಲ ನ್ಯಾಯ ಕಾಯ್ದೆಯಡಿ ಬಂದ 2016ರ ಕೇಂದ್ರ ಮಾದರಿ ನಿಯಮಗಳ ಪ್ರಕಾರ, 18 ತುಂಬದವರ ಮೇಲೆ ಎಫ್‌ಐಆರ್ ಹಾಕುವುದು ಎರಡೇ ಸಂದರ್ಭದಲ್ಲಿ. ಅಪರಾಧ ಘೋರವಾಗಿದ್ದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದರೆ. ಉಳಿದಂತೆ ಠಾಣೆಯ ದಿನಚರಿಯಲ್ಲಿ ಬರೆದು, ಮನೆ-ಹಿನ್ನೆಲೆಯ ವರದಿ ಸೇರಿಸಿ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಕನಿಷ್ಠ ಏಳು ವರ್ಷ ಶಿಕ್ಷೆ ಇರುವಂಥವು ಮಾತ್ರ ಘೋರ. ಜುಟ್ಟು ಹಿಡಿದ ಜಗಳ ಆ ಲೆಕ್ಕಕ್ಕೆ ಬರುವುದಿಲ್ಲ.

ಹಿಡಿದ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರು ಮಾಡಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಮಂಡಳಿ ಪ್ರೊಬೇಷನ್ ಅಧಿಕಾರಿಯಿಂದ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೇಳುತ್ತದೆ. ಮನೆ ಹೇಗಿದೆ, ಶಾಲೆ ಯಾಕೆ ಬಿಟ್ಟಳು, ಯಾರ ಜೊತೆ ಓಡಾಡುತ್ತಾಳೆ, ಯಾರಾದರೂ ಬಳಸಿಕೊಂಡರೇ ಎಂಬುದೆಲ್ಲ ಬರಬೇಕಾದದ್ದು ಅಲ್ಲಿ. ಪ್ರಶ್ನಾವಳಿಯ ಅಂಕಕ್ಕಿಂತ ಈ ವರದಿಗೆ ತೂಕ ಜಾಸ್ತಿ, ಚೆನ್ನಾಗಿ ಬರೆದಿದ್ದರೆ. ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಚಿತ್ರ ಹೊರಗೆ ಹಾಕಿದರೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಂಡಳಿಗೆ ಹೋದ ಹುಡುಗಿಯ ಮುಖ ಕಾಣುವ ವಿಡಿಯೊವನ್ನು ಸುಮ್ನೆ ಫಾರ್ವರ್ಡ್ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮನಶ್ಶಾಸ್ತ್ರಜ್ಞರ ಮಾತಿಗೆ ಕಾನೂನಿನಲ್ಲಿ ಜಾಗ ಇರುವುದು ಮುಖ್ಯವಾಗಿ ಒಂದು ಕಡೆ. 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪ ಇದ್ದಾಗ, ದೊಡ್ಡವರಂತೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಮೊದಲು ನಿರ್ಧರಿಸುತ್ತದೆ. ಆಗಲೂ ನೋಡುವುದು ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ತಿಳಿಯುವ ಶಕ್ತಿ, ಘಟನೆ ನಡೆದ ಸನ್ನಿವೇಶ. ಸ್ವಭಾವ ಒಳ್ಳೆಯದೋ ಕೆಟ್ಟದೋ ಎಂಬುದಲ್ಲ.

ಟೆಸ್ಟ್ ಬೇಕು, ಬೇಡ

ಬೇಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಮೇಷ್ಟ್ರ ಕಣ್ಣಿಗೆ ಬೀಳುವುದು ಗಲಾಟೆ ಮಾಡುವವರು ಮಾತ್ರ. ಮೂಲೆಯಲ್ಲಿ ಸುಮ್ಮನೆ ಕೂತು ಒಳಗೇ ಕುದಿಯುವ ಹುಡುಗಿ ಕಾಣುವುದಿಲ್ಲ. ಗಮನದ ತೊಂದರೆ ಇರುವ ಹುಡುಗಿಯರು ಹುಡುಗರಷ್ಟು ಬೇಗ ಗುರುತಿಗೆ ಬರುವುದಿಲ್ಲ ಎನ್ನುವುದು ವೈದ್ಯರಿಗೆ ಗೊತ್ತಿರುವ ಮಾತು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ಇಂಥವರು ಸಿಗಬಹುದು.

ಬೇಡ ಎನ್ನುವವರು ಹಣೆಪಟ್ಟಿಗೆ ಹೆದರುತ್ತಾರೆ. ಈ ಹೆದರಿಕೆಗೆ ಲೆಕ್ಕದ ಆಧಾರವಿದೆ.

1,000 ಹುಡುಗಿಯರ ಒಂದು ಶಾಲೆ ಅಂದುಕೊಳ್ಳಿ. ಅವರಲ್ಲಿ ಮುಂದೆ ನಿಜವಾಗಿ ತೊಂದರೆಗೆ ಸಿಲುಕುವವರು 10 ಮಂದಿ ಎಂದಿಟ್ಟುಕೊಳ್ಳೋಣ. ಬಹಳ ಒಳ್ಳೆಯ ಟೆಸ್ಟ್ ಒಂದಿದೆ, ಈ 10ರಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಮಂದಿಯಲ್ಲಿ ನೂರಕ್ಕೆ 10ರಂತೆ ತಪ್ಪಾಗಿ ಹಿಡಿಯುತ್ತದೆ, ಅಂದರೆ 99 ಮಂದಿ. ಪಟ್ಟಿಯಲ್ಲಿ ಒಟ್ಟು 107 ಹೆಸರು. ಅದರಲ್ಲಿ ಸರಿಯಾದದ್ದು 8. ಇಷ್ಟು ಒಳ್ಳೆಯ ಟೆಸ್ಟ್ ಇದ್ದರೂ ಪಟ್ಟಿಯ ಹೆಸರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಪ್ಪು. ಪ್ರಶ್ನಾವಳಿ ಕೆಟ್ಟದೆಂದು ಹೀಗಾಗುವುದಲ್ಲ. ಹುಡುಕುತ್ತಿರುವುದು ಅಪರೂಪದ್ದು, ಅದಕ್ಕೆ. ಹುಡುಗಿಯರಲ್ಲಿ ಅದು ಇನ್ನೂ ಅಪರೂಪ.

ಆ 99 ಮಂದಿಗೆ ಏನಾಗುತ್ತದೆ? ಪಟ್ಟಿ ಸ್ಟಾಫ್ ರೂಮಿಗೆ ಬರುತ್ತದೆ. ಕ್ಲಾಸಿನಲ್ಲಿ ಏನಾದರೂ ಕಳೆದರೆ ಮೊದಲು ಅವರ ಬ್ಯಾಗು ನೋಡುತ್ತಾರೆ. ಗೆಳತಿಯರ ಅಮ್ಮಂದಿರಿಗೆ ಗೊತ್ತಾದರೆ 'ಅವಳ ಜೊತೆ ಸೇರಬೇಡ' ಎನ್ನುತ್ತಾರೆ. ಒಳ್ಳೆಯವರು ದೂರವಾದ ಮೇಲೆ ಉಳಿಯುವ ಸಹವಾಸ ಯಾವುದು? ಹುಡುಗಿಯರ ವಿಷಯದಲ್ಲಿ ಸಹವಾಸದ ತೂಕ ಎಷ್ಟೆಂದು ಮೇಲೆ ನೋಡಿದ್ದೇವೆ. ಕೆಲವು ಮನೆಗಳಲ್ಲಿ ಇನ್ನೂ ಸುಲಭದ ದಾರಿ ಹಿಡಿಯುತ್ತಾರೆ: ಓದು ಬಿಡಿಸಿ ಮದುವೆಯ ಮಾತು.

ಹಾಗಾಗಿ ಎಲ್ಲರನ್ನೂ ಅಳೆದು ಪಟ್ಟಿ ಮಾಡುವುದಕ್ಕೂ, ತಾನಾಗಿ ಬಂದವಳ ಜೊತೆ ಕೂತು ಮಾತಾಡುವಾಗ ಕೌನ್ಸೆಲರ್ ಪ್ರಶ್ನಾವಳಿ ಬಳಸುವುದಕ್ಕೂ ಅಜಗಜಾಂತರ. ಎರಡನೆಯದಕ್ಕೆ ತಕರಾರು ಇರಬೇಕಾಗಿಲ್ಲ.

ಹೆದರಿಸಿದರೆ ಸರಿಹೋಗುತ್ತಾರಾ?

'ಸಾರ್, ಒಂದ್ಸಲ ಸ್ಟೇಷನ್‌ಗೆ ಕರೆಸಿ ಸ್ವಲ್ಪ ಹೆದರಿಸಿ' ಎಂದು ಪೋಷಕರೇ ಕೇಳುವುದುಂಟು. ಅಮೆರಿಕದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. 1970ರ ದಶಕದಲ್ಲಿ ನ್ಯೂಜೆರ್ಸಿಯ ಜೈಲೊಂದಕ್ಕೆ ಮಕ್ಕಳನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೆದರಿಸುವ ಕಾರ್ಯಕ್ರಮ ಶುರುವಾಯಿತು. ಬೇರೆ ರಾಜ್ಯಗಳೂ ಹಿಡಿದುಕೊಂಡವು. ಆಮೇಲೆ ಇಂಥ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೋಗಿ ಬಂದವರು ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದರು.

ತಪ್ಪು ಮಾಡಿದವರನ್ನೆಲ್ಲ ಒಂದೇ ಗುಂಪಿಗೆ ಹಾಕಿ ತಿದ್ದುವುದರಲ್ಲೂ ಇದೇ ಅಪಾಯ. ಒಬ್ಬಳು ಹೇಳುವ ಸಾಹಸಕ್ಕೆ ಇನ್ನೊಬ್ಬಳು ನಗುತ್ತಾಳೆ, ಆ ನಗುವೇ ಬಹುಮಾನ. 1999ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಡಿಷಿಯನ್ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟರು. ನಮ್ಮ ಕಾಯ್ದೆ ಮಗುವನ್ನು ಸಂಸ್ಥೆಗೆ ಕಳಿಸುವುದನ್ನು ಕೊನೆಯ ದಾರಿಯಾಗಿ ಇಟ್ಟಿರುವುದಕ್ಕೆ ದಯೆ ಒಂದೇ ಕಾರಣವಲ್ಲ.

ಕೆಲಸಕ್ಕೆ ಬರುವುದು ಮನೆಯವರನ್ನೂ ಸೇರಿಸಿಕೊಂಡು ಮಾಡುವ ಕೆಲಸ. ಅದು ನಿಧಾನ, ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಇರುವ ಸ್ನೇಹ ಕ್ಲಿನಿಕ್, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇವೆಲ್ಲ ಇವೆ, ಠಾಣೆಗಿಂತ ಮೊದಲು ಹೋಗಬಹುದಾದ ಜಾಗಗಳು.

ಹಾಳೆ ಯಾರ ಬೀರುವಿನಲ್ಲಿ?

ಸುಪ್ರೀಂ ಕೋರ್ಟ್ ಹೇಳಿದಂತೆ ಶಾಲೆಗಳಿಗೆ ಕೌನ್ಸೆಲರ್‌ಗಳು ಬಂದರೆ, ಮುಂದಿನ ಜಗಳ ಟೆಸ್ಟ್ ಮಾಡಬೇಕೋ ಬೇಡವೋ ಎಂಬುದರ ಬಗ್ಗೆ ಆಗಲಾರದು. ಮಾಡಿದ ಟೆಸ್ಟಿನ ಹಾಳೆ ಯಾರ ಬಳಿ ಇರಬೇಕು ಎಂಬುದರ ಬಗ್ಗೆ ಆಗುತ್ತದೆ. ಬಾಲ ನ್ಯಾಯ ಮಂಡಳಿಯ ಕಡತಕ್ಕೆ ನಿಯಮವಿದೆ. ತಪ್ಪು ಸಾಬೀತಾದರೂ, ದೊಡ್ಡವರಂತೆ ವಿಚಾರಣೆಯಾದ ಪ್ರಕರಣಗಳನ್ನು ಬಿಟ್ಟರೆ, ಅವಧಿ ಮುಗಿದ ಮೇಲೆ ದಾಖಲೆ ನಾಶಮಾಡಬೇಕು. ಮುಂದೆ ಕೆಲಸಕ್ಕೋ ಓದಿಗೋ ಅದು ಅಡ್ಡಿಯಾಗುವಂತಿಲ್ಲ ಎಂದು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ, ಆದರೆ ಅದು ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ. ಹೆಡ್ಮಾಸ್ಟರ ಬೀರುವಿನಲ್ಲಿರುವ ಕಾಗದ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಫೋನ್ ಕದ್ದವಳ ದಾಖಲೆ ಅಳಿಸಿಹೋಗುತ್ತದೆ. ಏನೂ ಮಾಡದೆ ಟಿಕ್ ಹಾಕಿದವಳದು ಉಳಿದುಕೊಳ್ಳುತ್ತದೆ. ಮಗಳ ಶಾಲೆಯಲ್ಲಿ ಇಂಥ ಟೆಸ್ಟಿನ ಒಪ್ಪಿಗೆ ಪತ್ರ ಬಂದರೆ, ಸಹಿ ಹಾಕುವ ಮೊದಲು ಪೋಷಕರು ಕೇಳಬೇಕಾದ್ದು ಇಷ್ಟೇ: ಈ ಹಾಳೆಯನ್ನು ಯಾರು ಓದುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಟಿಸಿ ಕೊಡುವ ದಿನ ಇದನ್ನು ಏನು ಮಾಡುತ್ತೀರಿ?